ಮೀನು ಮಾರಿದ ಅಪರಾಧ: ಕೆನಡಾದ ಮೂರು ಮೇಲ್ಮನವಿಗಳು

ಪರವಾನಗಿ ಇಲ್ಲದೆ ಮೀನು ಹಿಡಿದು ಮಾರಿದ್ದಕ್ಕಾಗಿ ಶಿಕ್ಷೆಗೊಳಗಾದವರು ಮೇಲ್ಮನವಿ ಸಲ್ಲಿಸಿದಾಗ ವಾದವು ಸಾಮಾನ್ಯವಾಗಿ ಸಾಕ್ಷ್ಯಾಧಾರಗಳ ಸುತ್ತ ನಡೆಯುತ್ತದೆ. ಕೆನಡಾದ ಮೂಲನಿವಾಸಿಗಳ ಪ್ರಕರಣಗಳಲ್ಲಿ ಹಾಗಾಗಲಿಲ್ಲ. ಮೀನು ಮಾರಿದ್ದನ್ನು ಆರೋಪಿಗಳು ನಿರಾಕರಿಸಲಿಲ್ಲ. ನಿಷೇಧವು ತಮಗೆ ಅನ್ವಯಿಸುವುದೇ ಎಂದು ಪ್ರಶ್ನಿಸಿದರು.

ಹಿನ್ನೆಲೆ: 1982ರ ಸಂವಿಧಾನ ಕಾಯ್ದೆಯ 35ನೇ ಕಲಮು ಮೂಲನಿವಾಸಿಗಳ ಹಕ್ಕುಗಳನ್ನೂ ಒಪ್ಪಂದದ ಹಕ್ಕುಗಳನ್ನೂ ಮಾನ್ಯ ಮಾಡಿತು. ಆದರೆ ಅವು ಯಾವುವೆಂದು ಪಟ್ಟಿ ಮಾಡಲಿಲ್ಲ. ಆ ಹೊಣೆ ನ್ಯಾಯಾಲಯಗಳ ಹೆಗಲೇರಿತು. ಆಹಾರಕ್ಕಾಗಿ ಮೀನು ಹಿಡಿಯುವ ಹಕ್ಕನ್ನು 1990ರಲ್ಲಿ ಸ್ಪ್ಯಾರೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಮಾರಾಟದ ಪ್ರಶ್ನೆ ಉಳಿದುಕೊಂಡಿತು.

ಒಂದೇ ದಿನ, ಎರಡು ಫಲ: 1996ರ ಆಗಸ್ಟ್ 21ರಂದು ಈ ಪ್ರಶ್ನೆಗೆ ಎರಡು ಉತ್ತರಗಳು ದೊರೆತವು. ವ್ಯಾನ್ ಡೆರ್ ಪೀಟ್ ಪ್ರಕರಣದಲ್ಲಿ ಸ್ಟೋಲೊ ಸಮುದಾಯದ ಮಹಿಳೆ 10 ಸಾಲ್ಮನ್ ಮೀನುಗಳನ್ನು 50 ಡಾಲರ್‌ಗೆ ಮಾರಿದ್ದರು. ಯುರೋಪಿಯನ್ನರ ಆಗಮನಕ್ಕೆ ಮೊದಲು ಮೀನಿನ ವಿನಿಮಯವು ಆ ಸಮುದಾಯದ ಸಂಸ್ಕೃತಿಯ ಅವಿಭಾಜ್ಯ ಅಂಗವಾಗಿತ್ತೆಂದು ಸಾಬೀತಾಗಲಿಲ್ಲವೆಂದು ಬಹುಮತದ ತೀರ್ಪು ಮೇಲ್ಮನವಿಯನ್ನು ತಳ್ಳಿಹಾಕಿತು. ಗ್ಲ್ಯಾಡ್‌ಸ್ಟನ್ ಪ್ರಕರಣದಲ್ಲಿ ಹೈಲ್ಟ್‌ಸುಕ್ ಸಮುದಾಯದವರು ಮಾರಲೆತ್ನಿಸಿದ್ದು 4,200 ಪೌಂಡ್ ಹೆರಿಂಗ್ ಮೀನಿನ ಮೊಟ್ಟೆ. ಈ ಸಮುದಾಯಕ್ಕೆ ಹಿಂದಿನಿಂದಲೂ ದೊಡ್ಡ ಪ್ರಮಾಣದ ವ್ಯಾಪಾರವಿತ್ತೆಂದು ನ್ಯಾಯಾಲಯ ಒಪ್ಪಿತು. ಸರ್ಕಾರದ ನಿರ್ಬಂಧ ಸಮರ್ಥನೀಯವೇ ಎಂಬುದನ್ನು ತೀರ್ಮಾನಿಸಲು ಮರುವಿಚಾರಣೆಗೆ ಆದೇಶಿಸಿತು. ಹೀಗಾಗಿ ಮಾರಿದ ಪ್ರಮಾಣಕ್ಕಿಂತ ಸಮುದಾಯದ ಚರಿತ್ರೆಯೇ ನಿರ್ಣಾಯಕವಾಯಿತು.

ಮಾರ್ಷಲ್ ತೀರ್ಪು: ಪೂರ್ವ ಕರಾವಳಿಯ ನೋವಾ ಸ್ಕಾಟಿಯಾದ ಮಿಕ್‌ಮಾಕ್ ಸಮುದಾಯದ ಡೊನಾಲ್ಡ್ ಮಾರ್ಷಲ್ ಜೂನಿಯರ್ ಮಾಡದ ಕೊಲೆಗಾಗಿ 11 ವರ್ಷ ಸೆರೆಯಲ್ಲಿದ್ದು, 1983ರಲ್ಲಿ ನಿರ್ದೋಷಿಯೆನಿಸಿದ್ದವರು. 1993ರ ಆಗಸ್ಟ್‌ನಲ್ಲಿ 463 ಪೌಂಡ್ ಹಾವುಮೀನು ಹಿಡಿದು 787 ಡಾಲರ್ 10 ಸೆಂಟ್‌ಗೆ ಮಾರಿದ್ದಕ್ಕಾಗಿ ಅವರು ಮತ್ತೆ ಕಟಕಟೆ ಏರಬೇಕಾಯಿತು. ಪರವಾನಗಿ ಇಲ್ಲದೆ ಮೀನುಗಾರಿಕೆ, ಪರವಾನಗಿ ಇಲ್ಲದೆ ಮಾರಾಟ, ನಿಷೇಧಿತ ಅವಧಿಯಲ್ಲಿ ಅಕ್ರಮ ಬಲೆಯ ಬಳಕೆ ಎಂಬ ಮೂರು ಆರೋಪಗಳಲ್ಲಿ ಅವರು ತಪ್ಪಿತಸ್ಥರೆನಿಸಿದರು. ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿಯಿತು.

ಅವರ ಆಧಾರ 1760-61ರಲ್ಲಿ ಬ್ರಿಟಿಷರೊಂದಿಗೆ ಆದ ಒಪ್ಪಂದ. ಬ್ರಿಟಿಷ್ ವ್ಯಾಪಾರ ಕೇಂದ್ರಗಳಲ್ಲದೆ ಬೇರೆಲ್ಲೂ ವ್ಯಾಪಾರ ಮಾಡುವುದಿಲ್ಲವೆಂದು ಮಿಕ್‌ಮಾಕರು ಅದರಲ್ಲಿ ಮಾತು ಕೊಟ್ಟಿದ್ದರು. ಮಾರಲು ಸರಕು ಬೇಕಾದರೆ ಮೀನು ಹಿಡಿಯುವ ಹಕ್ಕೂ ಇರಲೇಬೇಕೆಂದು 1999ರ ಸೆಪ್ಟೆಂಬರ್ 17ರಂದು ಸುಪ್ರೀಂ ಕೋರ್ಟ್ 5-2 ಬಹುಮತದಿಂದ ತೀರ್ಪಿತ್ತು, ಮಾರ್ಷಲ್‌ರನ್ನು ಖುಲಾಸೆಗೊಳಿಸಿತು. ಆದರೆ ಹಕ್ಕಿನ ಮಿತಿ 'ಸಾಧಾರಣ ಜೀವನೋಪಾಯ' ಮಾತ್ರ, ಸಂಪತ್ತಿನ ಸಂಗ್ರಹವಲ್ಲ.

ಪರಿಣಾಮ: ತೀರ್ಪಿನ ಬೆನ್ನಲ್ಲೇ ನ್ಯೂ ಬ್ರನ್ಸ್‌ವಿಕ್‌ನ ಬರ್ಂಟ್ ಚರ್ಚ್‌ನಲ್ಲಿ ಸಿಗಡಿ ಜಾತಿಯ ಲಾಬ್‌ಸ್ಟರ್ ಬೋನುಗಳಿಗಾಗಿ ಘರ್ಷಣೆಗಳು ನಡೆದವು. ಸಂರಕ್ಷಣೆ ಮೊದಲಾದ ಸಾರ್ವಜನಿಕ ಉದ್ದೇಶಗಳಿಗಾಗಿ ಸರ್ಕಾರ ಈ ಹಕ್ಕನ್ನು ನಿಯಂತ್ರಿಸಬಹುದೆಂದು ನ್ಯಾಯಾಲಯ ಅದೇ ವರ್ಷದ ನವೆಂಬರ್ 17ರಂದು ಸ್ಪಷ್ಟಪಡಿಸಿತು. ಮಾರ್ಷಲ್ 2009ರಲ್ಲಿ ನಿಧನರಾದರು. 'ಸಾಧಾರಣ' ಎಂದರೆ ಎಷ್ಟು ಬೋನು, ಎಷ್ಟು ಮೀನು ಎಂಬ ಅಂಕಿಯನ್ನು ತೀರ್ಪು ಹೇಳಿರಲಿಲ್ಲ. 2020ರಲ್ಲಿ ಸಿಪೆಕ್ನೆಕಾಟಿಕ್ ಸಮುದಾಯವು ತನ್ನದೇ ಲಾಬ್‌ಸ್ಟರ್ ಮೀನುಗಾರಿಕೆ ಆರಂಭಿಸಿದಾಗ ಇತರ ಮೀನುಗಾರರೊಂದಿಗೆ ಭುಗಿಲೆದ್ದ ಸಂಘರ್ಷದ ಮೂಲವೂ ಇದೇ ಪ್ರಶ್ನೆ.