ಯೂಲ್ ಎಂಬ ಹಳೆಯ ಹೆಸರು

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ದೊಡ್ಡ ಬೇಕರಿಗಳಲ್ಲಿ ಮರದ ಕೊರಡಿನ ಆಕಾರದ ಚಾಕೊಲೇಟ್ ಕೇಕು ಕಾಣಿಸಿಕೊಳ್ಳುತ್ತದೆ. ಹೆಸರು ‘ಯೂಲ್ ಲಾಗ್’. ಲಾಗ್ ಅಂದರೆ ಕೊರಡು, ಸರಿ. ಯೂಲ್ ಅಂದರೆ?

ಕ್ರಿಸ್ಮಸ್ ಅಂತ ಹೇಳಿ ಮುಗಿಸಬಹುದು. ಆದರೆ ಉತ್ತರ ಯುರೋಪಿಗೆ ಕ್ರೈಸ್ತಧರ್ಮ ಬರುವ ಮುಂಚೆಯೇ ಈ ಪದ ಅಲ್ಲಿತ್ತು. ಕಾಲಗಣನೆಯ ಬಗ್ಗೆ 725ರಲ್ಲಿ ಗ್ರಂಥ ಬರೆದ ಇಂಗ್ಲೆಂಡಿನ ಸನ್ಯಾಸಿ ಬೀಡ್, ತನ್ನ ಹಿಂದಿನವರು ಡಿಸೆಂಬರನ್ನೂ ಜನವರಿಯನ್ನೂ ‘ಗಿಯುಲಿ’ ಎಂದೇ ಕರೆಯುತ್ತಿದ್ದರು ಎನ್ನುತ್ತಾನೆ. ಒಂದು ಗಿಯುಲಿ ಉತ್ತರಾಯಣಕ್ಕೆ ಮುಂಚೆ, ಇನ್ನೊಂದು ಆಮೇಲೆ.

ಸ್ಕ್ಯಾಂಡಿನೇವಿಯಾದಲ್ಲಿ ಅದು ‘ಯೋಲ್’, ಚಳಿಗಾಲದ ನಟ್ಟನಡುವಿನ ಹಬ್ಬ. ದೇವರಾಜ ಓಡಿನ್‌ಗೆ ‘ಯೋಲ್ನಿರ್’ ಎಂಬ ಹೆಸರೂ ಇತ್ತು. ಹತ್ತನೆಯ ಶತಮಾನದಲ್ಲಿ ನಾರ್ವೆಯನ್ನು ಆಳಿದ ಹಾಕೊನ್ ದೊರೆ ಇಂಗ್ಲೆಂಡಿನಲ್ಲಿ ಬೆಳೆದ ಕ್ರೈಸ್ತ. ಪ್ರಜೆಗಳು ಹಳೆಯ ದೇವರುಗಳ ಭಕ್ತರು. ಯೋಲ್ ಬಿಡಿ ಅಂದರೆ ಯಾರು ಕೇಳುತ್ತಾರೆ? ಕ್ರಿಸ್ಮಸ್ ನಡೆಯುವ ದಿನಗಳಲ್ಲೇ ಯೋಲ್ ಮಾಡಿ ಎಂದು ಕಾನೂನು ತಂದನಂತೆ. ಪ್ರತಿಯೊಬ್ಬನೂ ಗೊತ್ತಾದ ಅಳತೆಯ ಮಾಲ್ಟಿನಿಂದ ಬಿಯರ್ ಇಳಿಸಬೇಕು, ತಪ್ಪಿದರೆ ದಂಡ. ಬಿಯರ್ ಮುಗಿಯುವ ತನಕ ಹಬ್ಬ. ಇದನ್ನು ಬರೆದಿಟ್ಟವನು ಹದಿಮೂರನೆಯ ಶತಮಾನದ ಐಸ್ಲೆಂಡಿನ ಸ್ನೋರಿ. ಆತ ಬರೆದದ್ದು ಸುಮಾರು ಮುನ್ನೂರು ವರ್ಷಗಳ ನಂತರ, ಹಾಗಾಗಿ ವಿವರಗಳನ್ನು ಪೂರಾ ನಂಬಬೇಕಿಲ್ಲ. ಆದರೆ ರಾಜನ ಉಪಾಯ ನಿಜವಾದ ರಾಜಕಾರಣಿಯದೇ.

ಸ್ಕಾಟ್ಲೆಂಡಿನಲ್ಲಿ ಇಂಥ ಉಪಾಯಕ್ಕೆ ಯಾರೂ ಹೋಗಲಿಲ್ಲ. ಬೈಬಲಿನಲ್ಲಿ ಇಲ್ಲದ ಹಬ್ಬ ನಮಗೇಕೆ ಎಂದ ಸುಧಾರಕರ ಮಾತು ಕೇಳಿ ಅಲ್ಲಿನ ಸಂಸತ್ತು 1640ರಲ್ಲಿ ಯೂಲ್ ರಜೆಯನ್ನೇ ರದ್ದು ಮಾಡಿತು. ಡಿಸೆಂಬರ್ 25 ಅಲ್ಲಿ ಮತ್ತೆ ಸಾರ್ವಜನಿಕ ರಜೆಯಾಗಿದ್ದು 1958ರಲ್ಲಿ. ರಜೆ ಹೋದರೂ ಯೂಲ್ ಎಂಬ ಪದ ಸ್ಕಾಟರ ಬಾಯಲ್ಲಿ ಉಳಿದುಕೊಂಡಿತು.

ಪದದ ಮೂಲ? ‘ಚಕ್ರ’ ಎಂಬ ಅರ್ಥದ ಹಳೆಯ ನಾರ್ಸ್ ಪದದಿಂದ ಬಂತು, ವರ್ಷದ ಚಕ್ರ ಉರುಳುತ್ತದಲ್ಲ, ಎಂದು ಹಲವರು ಹೇಳುತ್ತಾರೆ. ಕೇಳಲು ಚೆಂದ, ಆಧಾರ ಸಾಲದು. ಜರ್ಮಾನಿಕ್ ಭಾಷೆಗಳ ಆಚೆ ಇದರ ಬೇರು ಖಚಿತವಾಗಿ ಸಿಕ್ಕಿಲ್ಲ ಎನ್ನುವುದೇ ಪ್ರಾಮಾಣಿಕ ಉತ್ತರ.

ಇಂದಿನ ಇಂಗ್ಲಿಷಿನಲ್ಲಿ ಯೂಲ್ ಶುಭಾಶಯ ಪತ್ರಕ್ಕೂ ಕೇಕಿಗೂ ಮೀಸಲಾದ ಒಡವೆ. ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳಲ್ಲಿ ಮಾತ್ರ ಕ್ರಿಸ್ಮಸ್ಸಿಗೆ ದಿನಬಳಕೆಯ ಹೆಸರೇ ‘ಯೂಲ್’. ಫಿನ್ಲೆಂಡಿನವರು ನೆರೆಯವರಿಂದ ಅದನ್ನು ‘ಯೊಉಲು’ ಎಂದು ಕಡ ತಂದು, ಡಿಸೆಂಬರಿಗೆ ಇವತ್ತಿಗೂ ‘ಯೊಉಲುಕೂ’, ಅಂದರೆ ಯೂಲ್ ತಿಂಗಳು, ಎನ್ನುತ್ತಾರೆ.