ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರ: ಊಟದ ಎಲೆ, ನೆಂಟರ ಒತ್ತಾಯ ಮತ್ತು ಸಹರೋಗಿಗಳ ಆಸರೆ

ನಲ್ಲೂರು (ಚನ್ನಗಿರಿ ತಾಲ್ಲೂಕು): ಅಡಿಕೆ ಸೀಮೆಯ ಇಂಥ ಊರುಗಳಲ್ಲಿ ಮೈತುಂಬಿಕೊಂಡವರನ್ನು ಅನುಕೂಲಸ್ಥರೆಂದೂ ಸೊರಗಿದವರನ್ನು ಕಾಯಿಲೆಯವರೆಂದೂ ಎಣಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಬೆಂಗಳೂರಿನಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಆರು ತಿಂಗಳಲ್ಲಿ ಮೂವತ್ತು ಕೆ.ಜಿ. ಕಳೆದುಕೊಂಡವರು ಊರಿನ ಮದುವೆ ಮನೆಗೆ ಬಂದರೆ ಎದುರಾಗುವ ಮೊದಲ ಪ್ರಶ್ನೆ ‘ಯಾಕೆ, ಶುಗರ್ ಜಾಸ್ತಿ ಆಯ್ತಾ?’ ಎಂಬುದೇ. ಎರಡನೆಯದು ಪ್ರಶ್ನೆಯಲ್ಲ, ಬಡಿಸುವವರ ಕೈ: ‘ಒಂದೇ ಒಂದು ಹೋಳಿಗೆ, ಏನೂ ಆಗಲ್ಲ.’ ಆಗುತ್ತದೆ ಎಂಬುದು ಎಲೆಯ ಮುಂದೆ ಕೂತವರಿಗೆ ಮಾತ್ರ ಗೊತ್ತು.

ಶಸ್ತ್ರಚಿಕಿತ್ಸೆ ನಡೆಯುವುದು ಒಂದೆರಡು ಗಂಟೆ. ಅನಂತರದ ಜೀವನಕ್ರಮ ಆಯುಷ್ಯವಿಡೀ ನಡೆಯಬೇಕು. ಆ ದೀರ್ಘ ಕಾಲದಲ್ಲಿ ವೈದ್ಯರಷ್ಟೇ ಉಪಯೋಗಕ್ಕೆ ಬರುವವರು ಅದೇ ಹಾದಿಯಲ್ಲಿ ಎರಡು ವರ್ಷ ಮುಂದೆ ನಡೆದಿರುವ ಇತರ ರೋಗಿಗಳು. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ದೂರ. ಹೊಲಿಗೆ ಮಾಗಿದ ಮೇಲೆ ಅಷ್ಟು ದೂರ ಮತ್ತೆ ಮತ್ತೆ ಹೋಗಿಬರಲು ಬಹಳಷ್ಟು ಮಂದಿಗೆ ಮನಸ್ಸಾಗುವುದಿಲ್ಲ. ತೊಂದರೆ ಆರಂಭವಾಗುವುದೂ ಅಲ್ಲಿಂದಲೇ.

ಏನಿದು ಶಸ್ತ್ರಚಿಕಿತ್ಸೆ?

ಜಠರದ ಗಾತ್ರವನ್ನು ಕುಗ್ಗಿಸುವ ಅಥವಾ ಆಹಾರದ ಮಾರ್ಗವನ್ನು ಬದಲಿಸುವ ಈ ಚಿಕಿತ್ಸೆಗೆ ಬ್ಯಾರಿಯಾಟ್ರಿಕ್ ಸರ್ಜರಿ ಎಂದು ಹೆಸರು. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಡಾ. ಎಡ್ವರ್ಡ್ ಮೇಸನ್ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ಇಂದು ಹೆಚ್ಚಾಗಿ ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು ಬಾಳೆಹಣ್ಣಿನ ಆಕಾರದ ಕಿರಿದಾದ ಕೊಳವೆಯನ್ನಷ್ಟೇ ಉಳಿಸಲಾಗುತ್ತದೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ. ಎರಡರಲ್ಲೂ ಹಸಿವನ್ನು ಪ್ರಚೋದಿಸುವ ಮತ್ತು ನಿಯಂತ್ರಿಸುವ ಹಾರ್ಮೋನುಗಳ ಪ್ರಮಾಣವೇ ಬದಲಾಗುವುದರಿಂದ ತೂಕದ ಜೊತೆಗೆ ಮಧುಮೇಹವೂ ಹಲವರಲ್ಲಿ ಹತೋಟಿಗೆ ಬರುತ್ತದೆ. ನಿತಿನ್ ಗಡ್ಕರಿ (2011) ಮತ್ತು ಅರುಣ್ ಜೇಟ್ಲಿ (2014) ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಇದರ ಹೆಸರು ಪತ್ರಿಕೆಗಳ ಮೂಲಕ ಮನೆಮನೆಗೂ ತಲುಪಿತು.

ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಬೇರೆ, ಇದು ಬೇರೆ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸೌಂದರ್ಯ ಚಿಕಿತ್ಸೆಯ ಬಳಿಕ ಮೃತಪಟ್ಟಾಗ ಅನೇಕರು ಎರಡನ್ನೂ ಒಂದೇ ಎಂದು ಭಾವಿಸಿದ್ದರು. ಬ್ಯಾರಿಯಾಟ್ರಿಕ್ ಸರ್ಜರಿ ಸೌಂದರ್ಯಕ್ಕಾಗಿ ಮಾಡುವಂಥದ್ದಲ್ಲ. ಬೊಜ್ಜನ್ನು ರೋಗವೆಂದು ಪರಿಗಣಿಸಿ ನೀಡುವ ಚಿಕಿತ್ಸೆ.

ಯಾರಿಗೆ ಬೇಕು ಎಂಬುದನ್ನು ದೇಹತೂಕ ಸೂಚ್ಯಂಕದಿಂದ ಅಳೆಯುತ್ತಾರೆ. ಕೆ.ಜಿ. ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಸೂಚ್ಯಂಕ ಸಿಗುತ್ತದೆ. 160 ಸೆಂ.ಮೀ. ಎತ್ತರ, 100 ಕೆ.ಜಿ. ತೂಕ ಇರುವವರ ಸೂಚ್ಯಂಕ 39. ಅಮೆರಿಕದ ಹಾಗೂ ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಟನೆಗಳು 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಏಷ್ಯಾದವರಿಗೆ 27.5ರಿಂದಲೇ ಇದನ್ನು ಪರಿಗಣಿಸಬಹುದು ಎನ್ನುತ್ತದೆ. ಆದರೆ ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿರುವ ಸಾಮಾನ್ಯ ನಿಬಂಧನೆಯ ಪ್ರಕಾರ ವಿಮೆಯ ಹಣ ಸಿಗಬೇಕಾದರೆ ಸೂಚ್ಯಂಕ 40 ಇರಬೇಕು, ಅಥವಾ ಹೃದ್ರೋಗ, ತೀವ್ರ ನಿದ್ರಾ ಶ್ವಾಸಸ್ತಂಭನ, ಹತೋಟಿಗೆ ಬಾರದ ಮಧುಮೇಹದಂಥ ಕಾಯಿಲೆಯೊಂದಿಗೆ 35 ಇರಬೇಕು. ವೈದ್ಯಶಾಸ್ತ್ರ ಮುಂದೆ ಹೋಗಿದೆ, ವಿಮೆ ಹಿಂದೆಯೇ ಉಳಿದಿದೆ. ಇದು ಹಳ್ಳಿ ಪಟ್ಟಣಗಳ ರೋಗಿಗಳಿಗೆ ಸಣ್ಣ ವಿಷಯವೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಮಹಿಳೆಯರಲ್ಲೂ ಪುರುಷರಲ್ಲೂ ಶೇ. 30ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದವರು.

ಮುದ್ದೆ ನುಂಗುವವರ ಹೊಸ ಪಾಠ

ಮೊದಲ ಎರಡು ವಾರ ಬರೀ ದ್ರವಾಹಾರ. ಮಜ್ಜಿಗೆ, ತಿಳಿ ಬೇಳೆಕಟ್ಟು, ಸೋಸಿದ ಸೂಪು. ಬಳಿಕ ನುಣ್ಣಗೆ ರುಬ್ಬಿದ ಆಹಾರ, ಅನಂತರ ಮೆತ್ತನೆಯದು. ಸಾಮಾನ್ಯ ಊಟಕ್ಕೆ ಬರುವ ಹೊತ್ತಿಗೆ ಆರರಿಂದ ಎಂಟು ವಾರ ಕಳೆದಿರುತ್ತದೆ. ಆಸ್ಪತ್ರೆಯ ಆಹಾರತಜ್ಞರು ಕೊಡುವ ಚೀಟಿಯಲ್ಲಿ ಇದೆಲ್ಲ ಇರುತ್ತದೆ. ಆದರೆ ಆ ಚೀಟಿಯಲ್ಲಿ ಓಟ್ಸ್, ಟೋಫು, ಬ್ರಾಕೊಲಿ ಎಂದು ಬರೆದಿದ್ದರೆ ಚನ್ನಗಿರಿ, ಜಗಳೂರಿನ ಅಡುಗೆಮನೆಯಲ್ಲಿ ಅದನ್ನು ಏನು ಮಾಡುವುದು?

ನಮ್ಮ ಊಟದ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ರಾಗಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ನಿಯಮವೇ ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕು ಎಂಬುದು. ಐವತ್ತು ವರ್ಷ ಮುದ್ದೆ ನುಂಗಿದ ಗಂಟಲಿಗೆ ಇದು ಹೊಸ ವಿದ್ಯೆ. ಅಂಟಂಟಾದ ತುತ್ತು ಕಿರಿದಾದ ಜಠರದಲ್ಲಿ ಸಿಕ್ಕಿಕೊಂಡರೆ ಎದೆ ಒತ್ತಿದಂತಾಗಿ ಬಾಯಲ್ಲಿ ನೊರೆ ನೀರು ಬಂದು ವಾಂತಿಯಾಗುತ್ತದೆ. ಆದ್ದರಿಂದ ಆರಂಭದಲ್ಲಿ ರಾಗಿಯನ್ನು ತೆಳು ಅಂಬಲಿಯಾಗಿ ಕುಡಿದು, ಮುದ್ದೆಯನ್ನು ತಿಂಗಳುಗಳ ಮಟ್ಟಿಗೆ ಮರೆಯುವುದು ಕ್ಷೇಮ. ಮೆತ್ತಗಿನ ಅನ್ನ ಮತ್ತು ಬ್ರೆಡ್ ಕೂಡ ಕೆಲವರಿಗೆ ಇದೇ ತೊಂದರೆ ಕೊಡುತ್ತವೆ. ಗರಿಗರಿಯಾದ ತೆಳು ಜೋಳದ ರೊಟ್ಟಿಯನ್ನು ಚೆನ್ನಾಗಿ ಅಗಿದರೆ ಒಗ್ಗುವುದುಂಟು. ಇಂಥ ಸಂಗತಿಗಳನ್ನು ಹೇಳಿಕೊಡುವವರು ಸಾಮಾನ್ಯವಾಗಿ ಹಳೆಯ ರೋಗಿಗಳೇ.

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಮುದ್ದೆ, ಅನ್ನದಿಂದ ಅದು ದಕ್ಕುವುದಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಏಳು ಗ್ರಾಂ ಮಾತ್ರ. ಅರ್ಧ ಲೀಟರ್ ಹಾಲು ಮೊಸರು ಸೇರಿ 16 ಗ್ರಾಂ, ಎರಡು ಮೊಟ್ಟೆಯಿಂದ 12, ದಿನದಲ್ಲಿ 60 ಗ್ರಾಂ ಹುರುಳಿ, ಹೆಸರು, ತೊಗರಿಯಂಥ ಕಾಳು ಬೇಳೆಯಿಂದ 13, ಇಪ್ಪತ್ತು ಗ್ರಾಂ ಸೋಯಾ ಉಂಡೆಯಿಂದ 10, ಒಂದು ಹಿಡಿ ಶೇಂಗಾದಿಂದ 6. ಹೀಗೆ ಕೂಡಿಸಿದರೆ 57 ಆಗುತ್ತದೆ. ಮೊಟ್ಟೆ ತಿನ್ನದವರು ಅದರ ಬದಲು ಪನೀರ್ ಬಳಸಬಹುದು. ಇಷ್ಟನ್ನೂ ಒಂದು ಲೋಟದಷ್ಟು ಹಿಡಿಯುವ ಜಠರಕ್ಕೆ ಐದಾರು ಸಲ ಹಂಚಬೇಕು. ಪ್ರೋಟೀನನ್ನು ಮೊದಲು ತಿಂದು, ಅನ್ನ ರೊಟ್ಟಿಯನ್ನು ಕೊನೆಗೆ ತಿನ್ನಬೇಕು. ನಮ್ಮ ಎಲೆಯ ಕ್ರಮಕ್ಕೆ ಇದು ತಲೆಕೆಳಗು. ಊಟದ ಜೊತೆ ನೀರು ಕುಡಿಯುವಂತಿಲ್ಲ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿದು ದಿನಕ್ಕೆ ಒಂದೂವರೆ ಎರಡು ಲೀಟರ್ ಮುಟ್ಟಿಸಬೇಕು.

ಇನ್ನು ಹೋಳಿಗೆಯ ವಿಷಯ. ಸಕ್ಕರೆ ಬೆಲ್ಲ, ವಿಶೇಷವಾಗಿ ಬೈಪಾಸ್ ಆದವರಲ್ಲಿ, ನೇರವಾಗಿ ಸಣ್ಣ ಕರುಳಿಗೆ ಇಳಿದು ಹತ್ತು ಮೂವತ್ತು ನಿಮಿಷದೊಳಗೆ ಎದೆಬಡಿತ, ಬೆವರು, ಹೊಟ್ಟೆನುಲಿತ, ಭೇದಿ ತರುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಲ್ಲಿ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಕುಸಿದು ತಲೆಸುತ್ತು ಬರುತ್ತದೆ. ಮದುವೆ ಮನೆಯ ಪಾಯಸದ ಲೋಟ ಹಿಡಿದವರು ನಗುತ್ತ ‘ಬೇಡ’ ಎಂದರೆ ಅದು ಬಿಂಕವಲ್ಲ. ದಾವಣಗೆರೆಯ ಬೆಣ್ಣೆ ದೋಸೆ ಡಂಪಿಂಗ್ ತರದಿರಬಹುದು, ಆದರೆ ಅಷ್ಟು ಪುಟ್ಟ ಜಠರದ ಜಾಗವನ್ನು ಬೆಣ್ಣೆಗೆ ಬಿಟ್ಟುಕೊಟ್ಟರೆ ಪ್ರೋಟೀನಿಗೆ ಉಳಿಯುವುದೇನು?

ಮರೆತರೆ ಅಪಾಯ

ಊರಿನಲ್ಲಿ ಹೆಚ್ಚಾಗಿ ನಿಂತುಹೋಗುವುದು ವಿಟಮಿನ್ ಮಾತ್ರೆ. ‘ತೂಕ ಇಳಿಯಿತಲ್ಲ, ಇನ್ನೇಕೆ ಮಾತ್ರೆ’ ಎಂಬುದು ಮನೆಯವರ ವಾದ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವನ್ನು ಆಜೀವ ಪರ್ಯಂತ ತೆಗೆದುಕೊಳ್ಳಬೇಕಾಗುತ್ತದೆ. ಸಸ್ಯಾಹಾರಿಗಳಿಗೆ ಬಿ12 ಸಿಗುವುದೇ ಹಾಲು ಮೊಸರಿನಿಂದ. ಚಿಕಿತ್ಸೆಗೆ ಮೊದಲೇ ಕೊರತೆಯಿರುವ ಇವರು ಮಾತ್ರೆ ಬಿಟ್ಟರೆ ವರ್ಷ ಎರಡು ವರ್ಷದಲ್ಲಿ ಕಾಲು ಜೋಮು, ಮರೆವು, ರಕ್ತಹೀನತೆ ಕಾಣಿಸಿಕೊಳ್ಳಬಹುದು. ಮೂರು, ಆರು, ಹನ್ನೆರಡನೆಯ ತಿಂಗಳಲ್ಲಿ ಹಾಗೂ ಆಮೇಲೆ ವರ್ಷಕ್ಕೊಮ್ಮೆ ಆಗಬೇಕಾದ ರಕ್ತಪರೀಕ್ಷೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ದಾವಣಗೆರೆಯಲ್ಲಿ ಮಾಡಿಸಿ, ವರದಿಯನ್ನು ಶಸ್ತ್ರವೈದ್ಯರಿಗೆ ಕಳುಹಿಸಿದರೂ ಸಾಕಾಗುತ್ತದೆ.

ಎಲ್ಲಕ್ಕಿಂತ ತುರ್ತಾದುದು ನಿಲ್ಲದ ವಾಂತಿ. ಕೆಲವು ದಿನ ಬಿಡದೆ ವಾಂತಿಯಾಗುತ್ತಿದ್ದರೆ ದೇಹದ ಥಯಾಮಿನ್ (ಬಿ1) ಸಂಗ್ರಹ ವಾರಗಳೊಳಗೆ ಬರಿದಾಗಿ, ದೃಷ್ಟಿ ಎರಡಾಗಿ ಕಾಣುವುದು, ತೂರಾಟ, ಗೊಂದಲ ಆರಂಭವಾಗಬಹುದು. ತಡವಾದರೆ ಮೆದುಳಿಗೆ ಶಾಶ್ವತ ಹಾನಿ. ಇಂಥವರಿಗೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಸ್ಥಿತಿ ಉಲ್ಬಣಿಸಬಹುದು. ಮೊದಲು ಥಯಾಮಿನ್ ಚುಚ್ಚುಮದ್ದು ಕೊಡಬೇಕು. ತಮಗೆ ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂಬ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡು, ಊರಿನ ವೈದ್ಯರಿಗೆ ಅದನ್ನು ಮೊದಲೇ ತೋರಿಸಬೇಕು ಎನ್ನುವುದು ಈ ಕಾರಣಕ್ಕೆ. ಮೈಕೈ ನೋವಿಗೆ ಅಂಗಡಿಯಿಂದ ಬ್ರೂಫೆನ್, ಡೈಕ್ಲೋಫೆನಾಕ್ ತಂದು ನುಂಗುವ ಅಭ್ಯಾಸವೂ ಬೈಪಾಸ್ ಆದವರಿಗೆ ಹುಣ್ಣು ತರುತ್ತದೆ. ತಂಬಾಕಿಗೂ ಇದೇ ಮಾತು. ಅಡಿಕೆ ಬೆಳೆಯುವ ನಾಡಿನಲ್ಲಿ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು ಇದನ್ನು ಗಮನಿಸಬೇಕು. ಮಹಿಳೆಯರು ಮೊದಲ ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭಧಾರಣೆ ಮುಂದೂಡುವುದು ಸೂಕ್ತ. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಬಹುಮಟ್ಟಿಗೆ ತಾತ್ಕಾಲಿಕ.

ಜೊತೆಗಾರರ ಗುಂಪು

ಕುಡಿತ ಬಿಟ್ಟವರು ಗುಂಪು ಕಟ್ಟಿಕೊಳ್ಳುವುದು ನಮಗೆ ಹೊಸತಲ್ಲ. ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರು ಊರಿನಲ್ಲಿ ನವಜೀವನ ಸಮಿತಿಗಳನ್ನು ಮಾಡಿಕೊಂಡು ನಿಯಮಿತವಾಗಿ ಸೇರುವ ಪದ್ಧತಿ ರಾಜ್ಯದಾದ್ಯಂತ ಇದೆ. ಬಿಟ್ಟವರೇ ಬಿಡುವವರಿಗೆ ಆಸರೆ ಎಂಬುದು ಅದರ ತಿರುಳು. ತೂಕದ ಶಸ್ತ್ರಚಿಕಿತ್ಸೆಗೂ ಈ ಮಾದರಿ ಒಪ್ಪುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಮದ್ಯವನ್ನು ಪೂರ್ತಿ ಬಿಡಬಹುದು, ಊಟವನ್ನು ಬಿಡಲಾಗದು. ದಿನಕ್ಕೆ ಐದು ಸಲ ಎದುರಾಗುವ ಸಂಗತಿಯೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ಸಂಪೂರ್ಣ ತ್ಯಾಗಕ್ಕಿಂತ ಕಷ್ಟ.

ಸಹರೋಗಿಗಳ ಸಭೆಗಳಿಗೆ ಹೋಗುವವರಲ್ಲಿ ತೂಕ ಹೆಚ್ಚು ಇಳಿಯುತ್ತದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನಗಳ ಪರಾಮರ್ಶೆಯೊಂದು ಹೇಳಿತು. ಸಭೆಗೆ ಹೋಗುವವರು ಮೊದಲೇ ಹೆಚ್ಚು ಶ್ರದ್ಧೆಯುಳ್ಳವರಾಗಿರಬಹುದು, ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ ಸಭೆಗೇ ಕೊಡಲಾಗದು. ಆದರೂ ಗುಂಪಿನ ಪ್ರಯೋಜನ ತಕ್ಕಡಿಯಲ್ಲಿ ತೂಗುವಂಥದ್ದಷ್ಟೇ ಅಲ್ಲ.

ಸ್ವೀಡನ್‌ನಲ್ಲಿ 1987ರಿಂದ ನಡೆದ ದೀರ್ಘ ಅಧ್ಯಯನದ ಒಂದು ಲೆಕ್ಕ ನೋಡಿ. ಬೈಪಾಸ್ ಆದವರು ಮೊದಲೆರಡು ವರ್ಷದಲ್ಲಿ ಮೂಲ ತೂಕದ ಶೇ. 32ರಷ್ಟು ಕಳೆದುಕೊಂಡಿದ್ದರು, ಹತ್ತು ವರ್ಷದ ಹೊತ್ತಿಗೆ ಆ ಇಳಿಕೆ ಶೇ. 25ಕ್ಕೆ ನಿಂತಿತ್ತು. 120 ಕೆ.ಜಿ. ಇದ್ದವರು 82ಕ್ಕೆ ಇಳಿದು, ಕ್ರಮೇಣ 90ಕ್ಕೆ ಏರುತ್ತಾರೆ ಎಂದಾಯಿತು. ಒಬ್ಬರೇ ಇದ್ದಾಗ ಆ ಎಂಟು ಕೆ.ಜಿ. ಸೋಲಿನಂತೆ ಕಾಣುತ್ತದೆ, ನಾಚಿಕೆಯಿಂದ ವೈದ್ಯರ ಬಳಿ ಹೋಗುವುದೇ ನಿಲ್ಲುತ್ತದೆ. ‘ನನಗೂ ಏರಿತ್ತು, ಪರೀಕ್ಷೆ ತಪ್ಪಿಸಬೇಡಿ’ ಎನ್ನುವ ಇನ್ನೊಬ್ಬರಿದ್ದರೆ ಆ ಎಳೆ ಕಡಿಯುವುದಿಲ್ಲ. ಏರಿಕೆ ಇನ್ನೂ ಹೆಚ್ಚಾದರೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಚುಚ್ಚುಮದ್ದುಗಳೂ ಈಗ ದೇಶದಲ್ಲಿ ಲಭ್ಯ. ಅವನ್ನು ನಿರ್ಧರಿಸಬೇಕಾದವರು ವೈದ್ಯರು, ಗುಂಪಿನವರಲ್ಲ.

ಗುಂಪು ದೊಡ್ಡದಿರಬೇಕಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಆರೇಳು ಜನ ದಾವಣಗೆರೆಯಲ್ಲಿ ತಿಂಗಳಿಗೊಮ್ಮೆ ಸೇರಿ, ಉಳಿದ ದಿನ ಫೋನಿನಲ್ಲಿ ಮಾತಾಡಿದರೆ ಸಾಕು. ಮನೆಯಲ್ಲಿ ಅಡುಗೆ ಮಾಡುವವರನ್ನು ಕರೆತರುವುದು ಅಗತ್ಯ. ಅತ್ತೆಗೋ ಹೆಂಡತಿಗೋ ವಿಷಯ ಅರ್ಥವಾಗದೆ ಯಾವ ಪಥ್ಯವೂ ನಡೆಯದು. ಯಾರ ತೂಕ ಎಷ್ಟು ಇಳಿಯಿತು ಎಂಬ ಪೈಪೋಟಿ ಬೇಡ. ಒಬ್ಬರ ಮಾತ್ರೆಯ ಪ್ರಮಾಣವನ್ನು ಇನ್ನೊಬ್ಬರಿಗೆ ಹೇಳಬಾರದು, ಇನ್ಸುಲಿನ್ ವಿಷಯದಲ್ಲಂತೂ ಖಂಡಿತ ಕೂಡದು. ಚಿಕಿತ್ಸೆ ಆದದ್ದನ್ನು ನೆಂಟರಿಂದ ಮುಚ್ಚಿಟ್ಟವರೂ ಇರುತ್ತಾರಾದ್ದರಿಂದ ಇಲ್ಲಿನ ಮಾತು ಹೊರಗೆ ಹೋಗಬಾರದು. ಪ್ರೋಟೀನ್ ಪುಡಿಯ ಡಬ್ಬ ಮಾರಲು ಯಾರಾದರೂ ಸೇರಿಕೊಂಡರೆ ಆ ದಿನವೇ ಅವರನ್ನು ಹೊರಗಿಡುವುದು ಲೇಸು.

ಮನಸ್ಸಿನ ಮಾತು ಕೊನೆಗೆ ಬಂದಿದೆಯಾದರೂ ಹಗುರವಾದುದಲ್ಲ. ಬೈಪಾಸ್ ಬಳಿಕ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಮತ್ತು ಬೇಗ ಏರುತ್ತದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಚಿಕಿತ್ಸೆಗೆ ಮುನ್ನ ಶೇ. 7.6ರಷ್ಟು ಮಂದಿಯಲ್ಲಿದ್ದ ಮದ್ಯವ್ಯಸನ ಎರಡನೆಯ ವರ್ಷದಲ್ಲಿ ಶೇ. 9.6 ಆಗಿತ್ತು. ಊಟದಲ್ಲಿ ಸಮಾಧಾನ ಕಾಣುತ್ತಿದ್ದವರು ಅದು ತಪ್ಪಿದಾಗ ಬೇರೆಡೆ ಹುಡುಕುವುದುಂಟು. ಕೆನಡಾದ ಒಂಟಾರಿಯೊದಲ್ಲಿ 2015ರಲ್ಲಿ ವರದಿಯಾದಂತೆ, ಸ್ವಯಂಹಾನಿ ಮಾಡಿಕೊಂಡು ಆಸ್ಪತ್ರೆಗೆ ಬರುವವರ ಪ್ರಮಾಣ ಶಸ್ತ್ರಚಿಕಿತ್ಸೆಯ ನಂತರ ಸುಮಾರು ಶೇ. 50ರಷ್ಟು ಏರಿತ್ತು, ಒಟ್ಟು ಸಂಖ್ಯೆ ಚಿಕ್ಕದಾದರೂ ನಿರ್ಲಕ್ಷಿಸುವಂಥದ್ದಲ್ಲ. ಜೋತುಬಿದ್ದ ಚರ್ಮ, ಬದಲಾದ ಮುಖ, ಮುಗಿಯದ ಪ್ರಶ್ನೆಗಳು ಇವೆಲ್ಲ ಸೇರಿ ಕುಗ್ಗಿದವರು ಸಭೆಗೆ ಬರುವುದನ್ನು ದಿಢೀರನೆ ನಿಲ್ಲಿಸುತ್ತಾರೆ. ಎರಡು ಸಲ ಬಾರದವರ ಮನೆಗೆ ಯಾರಾದರೊಬ್ಬರು ಹೋಗಿ ಬರಬೇಕು. ಬೆಂಗಳೂರಿನ ನಿಮ್ಹಾನ್ಸ್ ಪ್ರಮುಖ ಕೇಂದ್ರವಾಗಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.