ಒಯ್ದದ್ದು 3,500 ಗುಂಡು, ಹೊಡೆದದ್ದು 96

ಎಷ್ಟು ಜನ ಊಟಕ್ಕೆ ಬರುತ್ತಾರೆಂದು ತಿಳಿಯದ ಮದುವೆ ಮನೆಯಲ್ಲಿ ಅಡಿಗೆಯವರು ಏನು ಮಾಡುತ್ತಾರೆ? ಇರಲಿ ಎಂದು ನಾಲ್ಕು ಸೇರು ಅಕ್ಕಿ ಹೆಚ್ಚಿಗೇ ಹಾಕುತ್ತಾರೆ. 1896ರಲ್ಲಿ ಆಧುನಿಕ ಒಲಿಂಪಿಕ್ಸ್‌ನ ಮೊದಲ ಕೂಟಕ್ಕಾಗಿ ಅಥೆನ್ಸ್‌ಗೆ ಹೊರಟ ಇಬ್ಬರು ಅಮೆರಿಕನ್ ಸೋದರರು ಮಾಡಿದ್ದೂ ಅದನ್ನೇ. ಅವರು ಕಟ್ಟಿಕೊಂಡು ಹೋದದ್ದು 3,500 ಗುಂಡುಗಳನ್ನು. ಹೊಡೆದದ್ದು ಕೇವಲ 96!

ಜಾನ್ ಪೇನ್ ಮತ್ತು ಸಮ್ನರ್ ಪೇನ್ ಬಾಸ್ಟನ್ ನಗರದವರು. ಅಮೆರಿಕದ ಅಂತರ್ಯುದ್ಧದಲ್ಲಿ ಸೇನಾನಿಯಾಗಿದ್ದ ಚಾರ್ಲ್ಸ್ ಜಾಕ್ಸನ್ ಪೇನ್ ಅವರ ಮಕ್ಕಳು. ಅಣ್ಣ ಸಮ್ನರ್ ಆಗ ಪ್ಯಾರಿಸ್ಸಿನ ಒಂದು ಗುರಿ ಅಭ್ಯಾಸದ ಮಳಿಗೆಯಲ್ಲಿ ಕೆಲಸಕ್ಕಿದ್ದ. ತಮ್ಮ ಜಾನ್ ಬಾಸ್ಟನ್‌ನಿಂದ ಬಂದು, ದಾರಿಯಲ್ಲಿ ಅಣ್ಣನನ್ನೂ ಜೊತೆಗೆ ಕರೆದುಕೊಂಡು ಅಥೆನ್ಸ್ ಸೇರಿದ. ಅಲ್ಲಿ ಎಂಥ ಸ್ಪರ್ಧೆ, ಎಷ್ಟು ದೂರ, ಯಾವ ಬಗೆಯ ಆಯುಧ ಎಂಬುದು ಇಬ್ಬರಿಗೂ ಸರಿಯಾಗಿ ತಿಳಿದಿರಲಿಲ್ಲ. ಹಾಗಾಗಿ ಹಲವು ಬಗೆಯ ರಿವಾಲ್ವರ್, ಪಿಸ್ತೂಲುಗಳೂ ಅವಕ್ಕೆ ಬೇಕಾದ ಗುಂಡುಗಳೂ ಗಂಟಿನಲ್ಲಿ ಸೇರಿದವು.

ಕ್ಯಾಲಿಥಿಯಾದ ಗುರಿ ಮೈದಾನದಲ್ಲಿ ನಡೆದ 25 ಮೀಟರ್ ಮಿಲಿಟರಿ ಪಿಸ್ತೂಲು ಸ್ಪರ್ಧೆಯಲ್ಲಿ ಒಬ್ಬೊಬ್ಬರಿಗೆ ಇದ್ದದ್ದು 30 ಗುಂಡು. ಜಾನ್ 442 ಅಂಕ ಗಳಿಸಿ ಗೆದ್ದ. ಸಮ್ನರ್ 380 ಅಂಕಗಳೊಂದಿಗೆ ಎರಡನೆಯವನಾದ. ಮೂರನೆಯ ಸ್ಥಾನ ಪಡೆದ ಗ್ರೀಕ್ ಸ್ಪರ್ಧಿಗೆ ಬಂದದ್ದು 205 ಅಂಕ ಮಾತ್ರ. ಆತಿಥೇಯರಿಗೆ ಇನ್ನಷ್ಟು ಮುಜುಗರವಾಗುವುದು ಬೇಡವೆಂದು ಜಾನ್ ಮರುದಿನದ 30 ಮೀಟರ್ ಸ್ಪರ್ಧೆಯಿಂದ ಹಿಂದೆ ಸರಿದ. ಅದನ್ನು ಸಮ್ನರ್ ಗೆದ್ದ. ಅಲ್ಲಿಗೆ ಇಬ್ಬರೂ ಅಂಕಕ್ಕಾಗಿ ಹೊಡೆದದ್ದು 90 ಗುಂಡು. ಬೇರೆಯವು ಬರೇ ಆರು.

ತಮಾಷೆಯೆಂದರೆ, ಇಷ್ಟೆಲ್ಲ ಹೊತ್ತು ತಂದವರಿಗೆ ಮತ್ತೊಂದು ಪಿಸ್ತೂಲು ಸ್ಪರ್ಧೆಯಲ್ಲಿ ಅವಕಾಶವೇ ಸಿಗಲಿಲ್ಲ. ಅವರ ಆಯುಧದ ನಳಿಗೆ ರೂಢಿಯ ಅಳತೆಯದಲ್ಲ ಎಂದು ತೀರ್ಪುಗಾರರು ತಡೆದರು. ಗುಂಡಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ನಿಯಮದ ತಿಳಿವಳಿಕೆಗೆ.

ಇಂದಿನ ಸ್ಪರ್ಧಿಗೆ ಆ ಗೊಂದಲವಿಲ್ಲ. ಎಲ್ಲವೂ ನಿಯಮಾವಳಿಯಲ್ಲಿ ಅಚ್ಚಾಗಿದೆ. 10 ಮೀಟರ್ ಏರ್ ರೈಫಲ್‌ನ ಅರ್ಹತಾ ಸುತ್ತಿಗೆ 60 ಗುಂಡು. ಹಾರುವ ಮಣ್ಣಿನ ತಟ್ಟೆಗಳನ್ನು ಹೊಡೆಯುವ ಸ್ಕೀಟ್ ಮತ್ತು ಟ್ರ್ಯಾಪ್‌ನ ಅರ್ಹತಾ ಸುತ್ತಿನಲ್ಲಿ 125 ತಟ್ಟೆಗಳು. ಸ್ಕೀಟ್‌ನಲ್ಲಿ ತಟ್ಟೆಗೊಂದೇ ತೋಟಾ. ಟ್ರ್ಯಾಪ್‌ನಲ್ಲಿ ಮೊದಲನೆಯದು ತಪ್ಪಿದರೆ ಎರಡನೆಯದನ್ನು ಹೊಡೆಯಬಹುದು. ಅಂದರೆ 125 ಸಾಕಾದೀತು, 250 ಬೇಕಾದರೂ ಬೇಕಾದೀತು.

ಹಾಗಾದರೆ 60 ಗುಂಡಿನ ಸ್ಪರ್ಧೆಗೆ 60 ಒಯ್ದರೆ ಸಾಲದೇ? ಸಾಲದು. ಸ್ಪರ್ಧೆಗೆ ಮೊದಲು ಬಂದೂಕಿನ ಗುರಿಯನ್ನು ಸರಿಪಡಿಸಿಕೊಳ್ಳಲು ಸಮಯ ಕೊಡುತ್ತಾರೆ. ಆ ಅವಧಿಯಲ್ಲಿ ಎಷ್ಟು ಗುಂಡನ್ನಾದರೂ ಹೊಡೆಯಬಹುದು, ಯಾವುದೂ ಅಂಕಕ್ಕೆ ಸೇರದು. ಇನ್ನು .22 ರೈಫಲ್ ಶೂಟರುಗಳ ಕಥೆಯೇ ಬೇರೆ. ಒಂದೇ ಕಾರ್ಖಾನೆಯ, ಒಂದೇ ಹೆಸರಿನ ಗುಂಡುಗಳಲ್ಲೂ ಲಾಟಿನಿಂದ ಲಾಟಿಗೆ ಸೂಕ್ಷ್ಮ ವ್ಯತ್ಯಾಸವಿರುತ್ತದೆ. ಒಂದು ನಳಿಗೆಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗದು. ಆದ್ದರಿಂದ ನಳಿಗೆಯನ್ನು ಅಲುಗಾಡದಂತೆ ಬಿಗಿದು, ಬೇರೆ ಬೇರೆ ಲಾಟಿನ ಗುಂಡುಗಳನ್ನು ಹೊಡೆದು ನೋಡುತ್ತಾರೆ. ಒಗ್ಗಿದ್ದು ಸಿಕ್ಕರೆ ಅದೇ ಲಾಟಿನದನ್ನು ಕೊಂಡಿಟ್ಟುಕೊಳ್ಳುತ್ತಾರೆ. ಪರಸ್ಥಳದಲ್ಲಿ ಅದು ಮುಗಿದರೆ ಪಕ್ಕದವರಿಂದ ಸಾಲ ತಂದು ನಡೆಸುವಂತಿಲ್ಲ.

ಲೆಕ್ಕಕ್ಕೆ ಬಾರದ ಗುಂಡಿನ ಬೆಲೆ ಏನೆಂಬುದನ್ನು ಭಾರತೀಯರು ಮರೆಯಬಾರದ ಪ್ರಸಂಗವೊಂದು ತೋರಿಸುತ್ತದೆ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ 596 ಅಂಕಗಳೊಂದಿಗೆ ಏರ್ ರೈಫಲ್ ಫೈನಲ್ ತಲಪಿದ್ದರು. ಫೈನಲ್‌ಗೆ ಮುನ್ನ ಗುರಿ ನೋಡಲು ಹೊಡೆದ ಗುಂಡು ನಡುಬಿಂದುವಿನಿಂದ ಬಹುದೂರ ಬಿತ್ತು. ಬಂದೂಕಿನ ಗುರಿ ಅದು ಹೇಗೋ ಕದಲಿಹೋಗಿತ್ತು. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಉಳಿದ ಸಮಯದಲ್ಲಿ ಅದನ್ನು ಸರಿಪಡಿಸಿಕೊಂಡು ಕಣಕ್ಕಿಳಿದರು. ಹತ್ತು ಗುಂಡುಗಳಲ್ಲಿ 104.5 ಅಂಕ ಬಂತು, ಕೊನೆಯ ಗುಂಡಿಗೆ 10.8. ಒಟ್ಟು 700.5. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ವೈಯಕ್ತಿಕ ಚಿನ್ನ! ಫಲಿತಾಂಶದ ಪಟ್ಟಿಯಲ್ಲಿ ಕಾಣುವುದು 70 ಗುಂಡು. ಆ 70ಕ್ಕೆ ದಾರಿ ಮಾಡಿಕೊಟ್ಟವು ಪಟ್ಟಿಯಲ್ಲಿಲ್ಲದ ಕೆಲವು ಗುಂಡುಗಳು.

ಹಾಗೆಂದು ಪೇನ್ ಸೋದರರಂತೆ ಬೇಕಾದಷ್ಟು ಹೊತ್ತೊಯ್ಯುವ ಕಾಲವೂ ಇದಲ್ಲ. ವಿಮಾನದಲ್ಲಿ ಒಬ್ಬ ಪ್ರಯಾಣಿಕ ಅನುಮತಿ ಪಡೆದು ಒಯ್ಯಬಹುದಾದ ಮದ್ದುಗುಂಡು ಪೆಟ್ಟಿಗೆಯ ತೂಕವೂ ಸೇರಿ 5 ಕಿಲೋ. ಏರ್ ರೈಫಲ್‌ನ ಗುಂಡೊಂದು ಸುಮಾರು ಅರ್ಧ ಗ್ರಾಂ ತೂಗುವುದರಿಂದ ಬಿಂದ್ರಾ ಅವರಂಥವರಿಗೆ ತೊಂದರೆಯಿಲ್ಲ. ಆದರೆ ಟ್ರ್ಯಾಪ್ ತೋಟಾ ಒಂದರಲ್ಲಿ ಚರೆಯೇ 24 ಗ್ರಾಂ. 250 ತೋಟಾಗಳೆಂದರೆ ಬರೀ ಚರೆ 6 ಕಿಲೋ! ಮಿತಿಯೊಳಗೆ ಅಷ್ಟು ಹಿಡಿಸುವುದಿಲ್ಲ. ಆದ್ದರಿಂದ ಅವರು ಸ್ಪರ್ಧೆಯ ಸ್ಥಳದಲ್ಲೇ ತೋಟಾ ಸಿಗುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಬೇಕಾಗುತ್ತದೆ.

ಪೇನ್ ಸೋದರರು ಗೆದ್ದ ಅದೇ ಅಥೆನ್ಸ್‌ನಲ್ಲಿ, 108 ವರ್ಷಗಳ ಬಳಿಕ, 2004ರಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದರು. 200 ತಟ್ಟೆಗಳಲ್ಲಿ 179 ಒಡೆದವು. ತಟ್ಟೆಗೊಂದರಂತೆ 200 ತೋಟಾ ಎಂದು ಅವರಿಗೆ ಮನೆಯಿಂದ ಹೊರಡುವಾಗಲೇ ಗೊತ್ತಿತ್ತು.

3,500 ಗುಂಡು ಕಟ್ಟಿಕೊಂಡು ಹೋದ ಸೋದರರನ್ನು ನೋಡಿ ನಗುವುದು ಸುಲಭ. ಅವರ ಮುಂದೆ ನಿಯಮದ ಪುಸ್ತಕವಿರಲಿಲ್ಲ. ಅದರ ಜಾಗವನ್ನು ಗುಂಡುಗಳಿಂದ ತುಂಬಿಸಿದ್ದರು. ಪುಸ್ತಕ ಬಂದ ಮೇಲೆ ಗಂಟು ಹಗುರವಾಯಿತು. ಆದರೂ ಅದರಲ್ಲಿ ಬರೆದಷ್ಟನ್ನೇ ಎಣಿಸಿಕೊಂಡು ಹೊರಡುವ ಧೈರ್ಯ ಇಂದಿನ ಯಾವ ಗುರಿಕಾರನಿಗೂ ಇಲ್ಲ. ಬಂದೂಕಿನ ಗುರಿ ಯಾವ ಗಳಿಗೆಯಲ್ಲಿ ಕದಲೀತು ಎಂದು ಯಾವ ನಿಯಮಾವಳಿಯೂ ಹೇಳಲಾರದು.